ಸಾರ್ವಜನಿಕ ಉದ್ಯಾನದ ‘ಮಾಲೀಕರು’

ಜನರ ಕಾಡಿನೊಳಗೆ ಖಾಸಗಿ ಗೇಟು ಏಳಲು ಬಿಟ್ಟವರು ನೀವು. ಉದ್ಯಾನದ ಆಡಳಿತ ಕಚೇರಿಯಲ್ಲಿ ಒಬ್ಬರಾದ ಮೇಲೊಬ್ಬರು ಅದೇ ಕುರ್ಚಿಯಲ್ಲಿ ಕುಳಿತು, ಅದೇ ಕಡತವನ್ನು ಮುಂದಿನವರಿಗೆ ದಾಟಿಸಿ ವರ್ಗವಾಗಿ ಹೋದ ಎಲ್ಲ ಅಧಿಕಾರಿಗಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಉದ್ಯಾನದೊಳಗಿನ ಕಾಟೇಜುಗಳ ಗುತ್ತಿಗೆಯ ಅವಧಿ ಮುಗಿದದ್ದು ನಿಮಗೆ ಗೊತ್ತಿತ್ತು. ಅವುಗಳ ಬೇಲಿ ಮುಂದೆ ಮುಂದೆ ಸರಿದದ್ದು ನಿಮ್ಮ ಕಿಟಕಿಯಿಂದಲೇ ಕಾಣುತ್ತಿತ್ತು. ನೀವು ಸುಮ್ಮನಿದ್ದಿರಿ. ಅದರ ಫಲ ಉಂಡವಳು ನನ್ನ ಅಮ್ಮ. ಈ ಅನ್ಯಾಯದಲ್ಲಿ ನನ್ನದೂ ಒಂದು ತಪ್ಪು ಸೇರಿಕೊಂಡಿದೆ. ಅದನ್ನೂ ಇಲ್ಲಿ ಮುಚ್ಚಿಡುವುದಿಲ್ಲ.

ನಾವು ಬಾಡಿಗೆಗಿರುವ ಮನೆ ಜೆ.ಪಿ. ನಗರದಿಂದ ಪುಟ್ಟೇನಹಳ್ಳಿಯ ಕಡೆಗೆ ಹೊರಳುವಲ್ಲಿದೆ. ಎರಡು ಅಡ್ಡರಸ್ತೆ ದಾಟಿದರೆ ಉದ್ಯಾನದ ಹಿಂಬದಿಯ ಸಣ್ಣ ಗೇಟು. ಅಮ್ಮ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ಚೆಕಿಂಗ್ ಕೆಲಸ ಮಾಡಿದವಳು. ಹೊಲಿಗೆಯಲ್ಲಿ ಒಂದೆಳೆ ಜಾರಿದ್ದರೂ ಹಿಡಿದು, ಆ ಅಂಗಿಯನ್ನು ‘ಆಲ್ಟರ್’ ಎಂದು ಗುರುತು ಹಾಕಿ ತಿದ್ದಲು ವಾಪಸ್ ಕಳಿಸುವುದು ಅವಳ ದಿನದ ದುಡಿಮೆಯಾಗಿತ್ತು. ಅಂಥ ಕಣ್ಣುಗಳು ಗ್ಲಾಕೋಮಾದಿಂದ ಮೆಲ್ಲಗೆ ಆರುತ್ತಾ ಬಂದವು. ಈಗ ಅವಳಿಗೆ ಬೆಳಕು ಕಾಣುತ್ತದೆ, ದಾರಿ ಕಾಣುವುದಿಲ್ಲ.

ನಮ್ಮ ಬಡಾವಣೆಯ ಫುಟ್‌ಪಾತಿನಲ್ಲಿ ಎದ್ದ ಚಪ್ಪಡಿ, ನಿಂತ ಸ್ಕೂಟರು, ಎಳನೀರಿನ ಗಾಡಿ ಇವುಗಳ ನಡುವೆ ಅವಳು ನನ್ನ ತೋಳನ್ನು ಬಿಗಿಯಾಗಿ ಹಿಡಿದು ಬರುತ್ತಿದ್ದಳು. ಉದ್ಯಾನದ ಗೇಟು ದಾಟಿದ ಕೂಡಲೇ “ಕೈ ಬಿಡು” ಅನ್ನುತ್ತಿದ್ದಳು. ಆ ದಾರಿಯನ್ನು ಅವಳ ಪಾದಗಳು ಬಾಯಿಪಾಠ ಮಾಡಿಕೊಂಡಿದ್ದವು. ಮೊದಲು ನೀಲಗಿರಿಯ ಒಣ ಎಲೆಗಳ ಸದ್ದು, ಆಮೇಲೆ ಹೊಂಗೆಯ ನೆರಳಿನ ತಣ್ಣನೆಯ ಮಣ್ಣು, ಕಾಟೇಜುಗಳ ನಡುವಿನ ಜಲ್ಲಿ, ಜಲ್ಲಿ ಮುಗಿದರೆ ಪುಟ್ಟ ಕೆರೆಯಂಥ ಕುಂಟೆಯ ದಂಡೆ, ಅಲ್ಲೊಂದು ಕಲ್ಲುಬೆಂಚು. ದಿನದಲ್ಲಿ ಆ ಅರ್ಧ ಗಂಟೆ ಮಾತ್ರ ಅವಳು ಮುಂದೆ ನಡೆಯುತ್ತಿದ್ದಳು, ನಾನು ಹಿಂದೆ.

ಆ ಬೆಳಿಗ್ಗೆ ಜಲ್ಲಿ ಮುಗಿಯುವ ಮೊದಲೇ ಅವಳ ಚಾಚಿದ ಕೈಗೆ ಕಬ್ಬಿಣ ತಾಗಿತು. ಎರಡು ಕಾಟೇಜುಗಳ ನಡುವೆ, ದಾರಿಗೆ ಅಡ್ಡಲಾಗಿ, ಹೊಸ ಗೇಟು. ಬಣ್ಣ ಇನ್ನೂ ಆರಿರಲಿಲ್ಲ. ಅವಳ ಬೆರಳುಗಳಿಗೆಲ್ಲ ಹಸಿರು ಮೆತ್ತಿತು. ಹೊಂಗೆ ಹೂವಿನ ಫೋಟೋ ತೆಗೆಯುತ್ತಾ ಹಿಂದುಳಿದಿದ್ದ ನಾನು ಓಡಿ ಬರುವಷ್ಟರಲ್ಲಿ, ಕಾಫಿ ಲೋಟ ಹಿಡಿದ ಹೆಂಗಸೊಬ್ಬರು ಒಳಗಿನಿಂದ ಬಂದು ಅಮ್ಮನೊಡನೆ ಮಾತಾಡುತ್ತಿದ್ದರು. ದನಿಯಲ್ಲಿ ಒರಟುತನವೇನೂ ಇರಲಿಲ್ಲ.

“ಇದು ಪ್ರೈವೇಟ್ ಪ್ರಾಪರ್ಟಿ ಆಂಟಿ. ನೀವು ಆ ಕಡೆ ಬಂಡೆ ಹತ್ತಿ ಹೋಗ್ಬೋದು.”

“ಪಾರ್ಕ್ ಅಲ್ವೇನಮ್ಮ ಇದು? ನಾನೇ ದಾರಿ ತಪ್ಪಿದ್ನಾ?”

ಯಾವಾಗಿನಿಂದ ಖಾಸಗಿಯಾಯಿತೆಂದು ನಾನು ಕೇಳಿದೆ. ತಾವು ಇಲ್ಲಿನ ಓನರ್ಸ್ ಎಂದೂ, ಏನಿದ್ದರೂ ಆಫೀಸಿನಲ್ಲಿ ವಿಚಾರಿಸಬೇಕೆಂದೂ ಹೇಳಿ ಅವರು ಒಳಗೆ ಹೋದರು. ಹಿಂದಿರುಗುವಾಗ ಅಮ್ಮ ಉದ್ಯಾನದೊಳಗೂ ನನ್ನ ತೋಳನ್ನು ಬಿಡಲಿಲ್ಲ. ಮನೆಗೆ ಬಂದು ಕೊಬ್ಬರಿ ಎಣ್ಣೆ ಹಚ್ಚಿ ಬೆರಳುಗಳ ಬಣ್ಣ ಉಜ್ಜುತ್ತಿದ್ದಾಗಲೂ, ತನ್ನ ಕಾಲೇ ಎಲ್ಲೋ ಲೆಕ್ಕ ತಪ್ಪಿರಬೇಕೆಂದು ಹೇಳುತ್ತಿದ್ದಳು. ಕಣ್ಣು ಹೋದವಳು ಕಾಲನ್ನೂ ನಂಬದಂತಾದಳು.

ಕಾಟೇಜುಗಳ ಕಥೆಯನ್ನು ನನಗೆ ಹೇಳಿದವರು ಉದ್ಯಾನದ ಹಳೆಯ ಮಾಲಿ. ಹಕ್ಕಿ, ಹುಳು, ಗಿಡಗಳನ್ನು ಅಭ್ಯಾಸ ಮಾಡಲು ಬರುವ ವಿದ್ಯಾರ್ಥಿಗಳು ತಂಗಲೆಂದು ಕಟ್ಟಿದ ಆರು ಹೆಂಚಿನ ಮನೆಗಳು ಅವು. ಒಳಗೆ ಒಂದು ಮಂಚ, ಒಂದು ಮೇಜು. ವಿದ್ಯಾರ್ಥಿಗಳು ಬರುವುದು ಕಡಿಮೆಯಾದಾಗ, ಯಾವ ಬದಲಾವಣೆಯನ್ನೂ ಮಾಡಬಾರದೆಂಬ ಷರತ್ತಿನ ಮೇಲೆ ಖಾಸಗಿಯವರಿಗೆ ಗುತ್ತಿಗೆಗೆ ಕೊಟ್ಟರು. ಗುತ್ತಿಗೆ ಪಡೆದವರು ತಮ್ಮ ನಂಟರಿಗೆ ದಾಟಿಸಿದರು, ನಂಟರು ಪರಿಚಯದವರಿಗೆ. ಹೆಂಚು ಇಳಿದು ತಾರಸಿ ಬಂತು. ಬಾಗಿಲಿಗೆ ಹೆಸರಿನ ಫಲಕ ಬಂತು, ನಾಯಿ ಬಂತು. ಅವಧಿ ಮುಗಿದಾಗ ಖಾಲಿ ಮಾಡಿರೆಂದು ಯಾರೂ ಹೇಳಲಿಲ್ಲ. ಹೊಂಗೆಯ ಸಾಲನ್ನು ನೆಟ್ಟವರು ಈ ಮಾಲಿಯೇ. ಅದರ ಒಂದು ತುದಿಗೆ ನೀರು ಬಿಡಬೇಕಾದರೆ ಈಗ ಅವರೇ ಹೋಗಿ ಬೆಲ್ ಒತ್ತಬೇಕು.

“ನಾನು ಮಾಲಿ, ಅವ್ರು ಮಾಲೀಕ್ರು,” ಎಂದು ಅವರು ಬೀಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡರು. “ನನಗಿಂತ ಒಂದಕ್ಷರ ಜಾಸ್ತಿ ಓದವ್ರೆ, ಅಷ್ಟೆ ಮೇಡಂ.”

ನಾನು ನಕ್ಕೆ. ಅದೇ ಸಂಜೆ ಕುಳಿತು ನಿಮ್ಮ ಕಚೇರಿಗೆ ಅರ್ಜಿ ಬರೆದೆ.

ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಭೂಮಿಯ ಹಕ್ಕುಗಳನ್ನೇ ಓದಿದವಳು ನಾನು. ಗುತ್ತಿಗೆದಾರನ ಸ್ವಾಧೀನ ಎಷ್ಟು ದೀರ್ಘವಾದರೂ ಅದು ಒಡೆತನವಾಗದು ಎಂದು ಪ್ರಬಂಧ ಬರೆದು ಅಧ್ಯಾಪಕರಿಂದ ಭೇಷ್ ಅನ್ನಿಸಿಕೊಂಡವಳು. ಅಂಥ ನಾನು ಅರ್ಜಿಯ ಮೊದಲ ಸಾಲಿನಲ್ಲೇ ‘ಕಾಟೇಜುಗಳ ಮಾಲೀಕರು ಸಾರ್ವಜನಿಕ ದಾರಿಯನ್ನು ಮುಚ್ಚಿದ್ದಾರೆ’ ಎಂದು ಬರೆದೆ. ಬಾಡಿಗೆ ಮನೆಗಳಲ್ಲೇ ಬೆಳೆದವರಿಗೆ ಆ ಪದ ಹೇಗೆ ನಾಲಿಗೆಗೆ ಅಂಟಿರುತ್ತದೆಂಬುದು ಈ ಊರಿನವರಿಗೆ ಗೊತ್ತು. ನಮಗೆ ‘ಓನರ್’ ಎಂದರೆ ಹಕ್ಕುಪತ್ರ ಇರುವವರಲ್ಲ, ಗೇಟಿನ ಒಳಗಿರುವವರು. ಓನರ್ ಆಂಟಿ ನೀರು ಬಿಟ್ಟರೆ ನಮಗೆ ನೀರು. ಓನರ್ ಅಂಕಲ್ ಕೆಮ್ಮಿದರೆ ನಮ್ಮ ಟಿ.ವಿ. ಸದ್ದು ಕಡಿಮೆ. ಮನೆಯೊಂದನ್ನು ಭೋಗ್ಯಕ್ಕೆ ಹಾಕಿಸಿಕೊಂಡವರು ಅದರ ಒಂದು ಕೋಣೆಯನ್ನು ಮತ್ತೊಬ್ಬರಿಗೆ ಬಾಡಿಗೆಗೆ ಕೊಟ್ಟರೆ, ಕೋಣೆಯವರ ಪಾಲಿಗೆ ಅವರೂ ಓನರ್ರೇ. ಅರ್ಜಿಗೆ ಸಹಿ ಹಾಕಿದ ನೆರೆಹೊರೆಯವರೆಲ್ಲ ಆ ಸಾಲನ್ನು ಓದಿದರು. ಯಾರ ಕಣ್ಣಿಗೂ ಅದು ಚುಚ್ಚಲಿಲ್ಲ.

ಚುಚ್ಚಿದ್ದು ನಿಮ್ಮ ಅಧಿಕಾರಿಗೆ. ಕೆಲವು ವಾರಗಳ ನಂತರ ನಾನು ಕಚೇರಿಗೆ ಹೋದಾಗ ಅವರು ಕಡತ ತೆರೆದು, ಪೆನ್ನಿನ ತುದಿಯನ್ನು ನನ್ನ ಪದದ ಮೇಲೆಯೇ ಇಟ್ಟರು.

“ಮಾಲೀಕರು ಅಂತ ನೀವೇ ಬರ್ದಿದೀರಲ್ಲಾ ಮೇಡಂ. ಮಾಲೀಕರು ಅವರ ಜಾಗಕ್ಕೆ ಅವರು ಗೇಟ್ ಹಾಕ್ಕೊಂಡ್ರೆ ನಾವೇನ್ ಮಾಡಕ್ಕಾಗತ್ತೆ?”

ಅದು ಬಾಯಿಮಾತಿಗೆ ಬಂದ ಪದವೆಂದೂ, ಗುತ್ತಿಗೆಯ ಪತ್ರವನ್ನು ತೋರಿಸಿದರೆ ಸತ್ಯ ತಿಳಿಯುತ್ತದೆಂದೂ ವಾದಿಸಿದೆ. ಪತ್ರ ಹಳೆಯ ದಾಖಲೆಗಳ ಕೋಣೆಯಲ್ಲಿದೆ, ಹುಡುಕಬೇಕು ಎಂದರು. ಹಿಂಬರಹ ಮಾತ್ರ ಸಿದ್ಧವಾಗಿತ್ತು. ‘ಅರ್ಜಿದಾರರೇ ಒಪ್ಪಿಕೊಂಡಿರುವಂತೆ ಸದರಿ ಕಾಟೇಜುಗಳು ಮಾಲೀಕರ ಸ್ವಾಧೀನದಲ್ಲಿರುವುದರಿಂದ ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ.’ ಅದನ್ನು ಹಿಡಿದು ಹೊರಗೆ ಬಂದಾಗ ಸೂಚನಾ ಫಲಕದಲ್ಲಿ ಇನ್ನೊಂದು ಕಾಗದ ಕಂಡಿತು. ಕಾಟೇಜುಗಳನ್ನೂ ಅವುಗಳ ಸುತ್ತಲಿನ ಜಾಗವನ್ನೂ ತಮ್ಮ ಹೆಸರಿಗೆ ಖಾಯಂ ಮಾಡಿಕೊಡಬೇಕೆಂದು ಒಳಗಿರುವವರು ಕೇಳಿದ್ದರು. ಆಕ್ಷೇಪಣೆಗಳಿದ್ದರೆ ಸಲ್ಲಿಸಬೇಕೆಂದು ನೀವು ಪ್ರಕಟಿಸಿದ್ದಿರಿ. ಅವರ ಕೋರಿಕೆಗೆ ಆಧಾರವಾಗಿ ಲಗತ್ತಿಸಿದ ದಾಖಲೆಗಳ ಸಾಲಿನಲ್ಲಿ ನನ್ನ ಅರ್ಜಿಯ ಪ್ರತಿಯೂ ಇತ್ತು.

ಅಮ್ಮ ಆ ಹೊತ್ತಿಗೆ ನಡಿಗೆಯನ್ನು ನಿಲ್ಲಿಸಿಬಿಟ್ಟಿದ್ದಳು. ಬಂಡೆಯ ದಾರಿಯನ್ನು ಒಮ್ಮೆ ಪ್ರಯತ್ನಿಸಿ ಮೊಣಕೈ ತರಚಿಕೊಂಡ ಮೇಲೆ, ಮನೆಯ ಓಣಿಯಲ್ಲಿ ಗೋಡೆ ಸವರುತ್ತಾ ಅತ್ತಿಂದಿತ್ತ ನಾಲ್ಕು ಹೆಜ್ಜೆ ಹಾಕುವುದಷ್ಟೇ ಅವಳ ಓಡಾಟ. ನಾನು ಹಿಂಬರಹವನ್ನು ಓದಿ ಹೇಳಿ, ನಾನು ಬರೆದ ಪದದಿಂದಲೇ ನಿನ್ನ ದಾರಿ ಕೈತಪ್ಪುತ್ತಿದೆ ಎಂದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಪದ ತಾನೆ, ಆಲ್ಟರ್‌ಗೆ ವಾಪಸ್ ಕಳ್ಸು. ಹೊಡೆದು ಹಾಕಿ ಬೇರೆ ಬರಿ,” ಎಂದಳು. ಸುಲಿದ ಕಾಳನ್ನು ಬಟ್ಟಲಿಗೆ ಸುರಿದು ಹೇಳಿದಳು: “ಅವತ್ತು ನೀನು ಬರೋಕ್ ಮುಂಚೆ ನಾನು ಆಯಮ್ಮನ ಹತ್ರ ಸಾರಿ ಕೇಳ್ದೆ. ಅದನ್ನ ಹೆಂಗೆ ಹೊಡೆದು ಹಾಕ್ಲಿ ಹೇಳು.”

ತನ್ನದೇ ಪಾಲಿನ ಮಣ್ಣಿನ ಮೇಲೆ ನಿಂತು ಅಮ್ಮ ಕ್ಷಮೆ ಕೇಳಿದ್ದಳು. ಹಾಗೆ ಕೇಳುವಂತೆ ಮಾಡಿದ್ದು ಆ ಹೆಂಗಸೂ ಅಲ್ಲ, ನೀವು. ಅವರು ನಿಮ್ಮ ಮೌನವನ್ನೇ ಹಕ್ಕುಪತ್ರವೆಂದು ನಂಬಿದವರು.

ಆಕ್ಷೇಪಣೆಯ ಅವಧಿ ಇನ್ನೂ ಮುಗಿದಿಲ್ಲ. ಆದ್ದರಿಂದ ಇದನ್ನು ನನ್ನ ಲಿಖಿತ ಆಕ್ಷೇಪಣೆಯೆಂದು ದಾಖಲಿಸಿಕೊಳ್ಳಬೇಕೆಂದು ಕೋರುತ್ತೇನೆ. ನನ್ನ ಮೊದಲ ಅರ್ಜಿಯಲ್ಲಿನ ‘ಮಾಲೀಕರು’ ಎಂಬ ಪದವನ್ನು ಈ ಮೂಲಕ ಹಿಂಪಡೆದಿದ್ದೇನೆ. ಅಲ್ಲಿ ‘ಅವಧಿ ಮುಗಿದ ಗುತ್ತಿಗೆಯವರು’ ಎಂದು ಓದಿಕೊಳ್ಳಬೇಕು. ಮೂಲ ಗುತ್ತಿಗೆಯ ಪತ್ರವನ್ನು ಹುಡುಕಿ, ಎಲ್ಲರೂ ನೋಡುವಂತೆ ಅದೇ ಸೂಚನಾ ಫಲಕಕ್ಕೆ ಹಾಕಬೇಕು. ಖಾಯಂ ಮಾಡಿಕೊಡುವ ಕೋರಿಕೆಯನ್ನು ತಿರಸ್ಕರಿಸಬೇಕು. ಆ ಗೇಟನ್ನು ತೆಗೆಸಬೇಕು. ಇವುಗಳಲ್ಲಿ ಯಾವುದನ್ನು ಮಾಡಲಾಗದಿದ್ದರೂ, ಯಾವ ಆದೇಶದ ಬಲದಿಂದ ಆಗದು ಎಂಬುದನ್ನು ಸಹಿಯೊಂದಿಗೆ ತಿಳಿಸಬೇಕು. ಉತ್ತರವನ್ನು ನನ್ನ ಅಮ್ಮನ ಹೆಸರಿಗೇ ಕಳಿಸಿ. ಅದನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಬೇಕಾದವಳು ನಾನು. ದಯವಿಟ್ಟು ಒಮ್ಮೆ ಕೇಳಿದರೆ ಅರ್ಥವಾಗುವಂತೆ ಬರೆಯಿರಿ.