ನೀರು ಕಾಣದ ಒಂದು ದಿನ

ರಾಣೆಬೆನ್ನೂರಿನಲ್ಲಿ ನಮ್ಮದು ಬೀಜದ ಅಂಗಡಿ. ಆ ವರ್ಷ ಮುಂಗಾರಿನ ಗದ್ದಲ ಮುಗಿದ ಮೇಲೆ, ನಮಗೆ ಬೀಜ ಕೊಡುವ ಕಂಪನಿಯವರು ಹೆಚ್ಚು ಮಾರಾಟ ಮಾಡಿದ ಅಂಗಡಿಯವರನ್ನೆಲ್ಲ ಕುಟುಂಬದ ಸಮೇತ ನಾರ್ವೆಗೆ ಕರೆದೊಯ್ಯುವುದಾಗಿ ತಿಳಿಸಿದರು. ಉತ್ತರದ ಕಡಲಿನಲ್ಲಿ ಆರು ದಿನ ಹಡಗಿನ ಪ್ರವಾಸ. ಹಡಗು ಹತ್ತುವ ಹಿಂದಿನ ದಿನ ಬರ್ಗೆನ್ ಎಂಬ ಬಂದರಿನ ಊರಿನಲ್ಲಿ ಬಿಡುವು. ಆ ದಿನ ಏನೇನು ನೋಡುತ್ತೀರಿ ಎಂಬುದನ್ನು ಪ್ರತಿ ಕುಟುಂಬವೂ ಮೊದಲೇ ಬರೆದು ಕಳಿಸಬೇಕಿತ್ತು.

"ನಿನಗ ಹೆಂಗ ಬೇಕೋ ಹಂಗ ಬರಿ" ಎಂದು ನನ್ನ ಗಂಡ ಕಂಪನಿಯ ಪುಸ್ತಿಕೆಯನ್ನು ಕೌಂಟರಿನ ಮೇಲಿಟ್ಟು ಊಟಕ್ಕೆ ಹೋದರು. ತೆರೆದೆ. ಮೊದಲ ಪುಟದಲ್ಲಿ ನೀರು. ಮುಂದಿನ ಪುಟದಲ್ಲಿ ಎರಡು ಬೆಟ್ಟಗಳ ನಡುವೆ ನೀರು, ಅದರ ಮೇಲೆ ಕೆಂಪು ದೋಣಿ. ಮುಚ್ಚಿಬಿಟ್ಟೆ.

ಅದಕ್ಕೆ ಮೂರು ವರ್ಷ ಮೊದಲು, ಸಂಕ್ರಾಂತಿಯ ದಿನ ಗಳಗನಾಥದಲ್ಲಿ ನನ್ನ ಮಗ ಹೊಳೆಯ ಪಾಲಾಗಿದ್ದ. ಅವನಿಗೆ ಏಳು ವರ್ಷ. ವರದಾ ಬಂದು ತುಂಗಭದ್ರೆಯನ್ನು ಕೂಡುವ ಜಾಗದಲ್ಲಿ ಸ್ನಾನ ಮಾಡಿ, ಗುಡಿಯ ಹತ್ತಿರದ ನೆರಳಿನಲ್ಲಿ ನಾನೂ ಮಗಳೂ ಬುತ್ತಿ ಬಿಚ್ಚುತ್ತಿದ್ದೆವು. ಅವನು ಮತ್ತೆ ನೀರಿನ ಕಡೆ ಹೋಗಿದ್ದ. ಸಿಕ್ಕಿದ್ದು ಮರುದಿನ.

ಅಂದಿನಿಂದ ನಾನು ಹೊಳೆ, ಕೆರೆ ಯಾವುದನ್ನೂ ಕಣ್ಣೆತ್ತಿ ನೋಡಿರಲಿಲ್ಲ. ಬಸ್ಸು ಹರಿಹರದ ಸೇತುವೆ ಹತ್ತುವಾಗ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ. ಅಂಥವಳು ಹಡಗಿನ ಪ್ರವಾಸಕ್ಕೆ ಹೂಂ ಅಂದದ್ದೇಕೆ ಎಂದು ಯಾರಾದರೂ ಕೇಳಬಹುದು. ಮಗಳಿಗಾಗಿ. ಅವಳಿಗೆ ಆಗ ಹದಿಮೂರು. ಮೂರು ವರ್ಷ ಶಾಲೆಯ ಪ್ರವಾಸಕ್ಕೂ ಅವಳನ್ನು ಕಳಿಸಿರಲಿಲ್ಲ, ಅವಳೂ ಕೇಳಿರಲಿಲ್ಲ. ಈಗ ಕಂಪನಿಯವರು ಕಳಿಸಿದ ಕಾಗದದಲ್ಲಿದ್ದ ಹಡಗಿನ ಚಿತ್ರವನ್ನು ಕತ್ತರಿಸಿ ತನ್ನ ಕಪಾಟಿನ ಬಾಗಿಲ ಒಳಗಡೆ, ನನ್ನ ಕಣ್ಣಿಗೆ ಬೀಳದ ಹಾಗೆ ಅಂಟಿಸಿಕೊಂಡಿದ್ದಳು. ಬಟ್ಟೆ ಇಡಲು ಹೋದಾಗ ಅದನ್ನು ಕಂಡೆ. ಬೇಡ ಅನ್ನುವ ಬಾಯಿ ಅಲ್ಲೇ ಕಟ್ಟಿತು.

ಹಡಗಿನ ಆರು ದಿನ ನನ್ನ ಕೈಯಲ್ಲಿರಲಿಲ್ಲ. ಆದರೆ ಅದಕ್ಕೂ ಮೊದಲಿನ ಒಂದು ದಿನ ಇತ್ತಲ್ಲ. ಆ ಒಂದು ದಿನ ಚೆನ್ನಾಗಿ ಕಳೆದರೆ, ಮಗಳು ಮನಸಾರೆ ನಕ್ಕಿದ್ದನ್ನು ಒಮ್ಮೆ ನೋಡಿದರೆ, ಮರುದಿನ ಹಡಗು ಹತ್ತುವ ಶಕ್ತಿ ಬಂದೀತು ಎಂದು ಹೇಗೋ ನಂಬಿಕೊಂಡೆ. ಆ ದಿನದಲ್ಲಿ ಮಾತ್ರ ಎಲ್ಲೂ ನೀರು ಇರಬಾರದು.

ಪ್ರವಾಸದ ವ್ಯವಸ್ಥೆ ನೋಡುತ್ತಿದ್ದ ಹೆಣ್ಣುಮಗಳಿಗೆ ಹುಬ್ಬಳ್ಳಿಗೆ ಫೋನು ಮಾಡಿದೆ.

"ಮುಂಜಾನೆ ದೋಣಿ ಸವಾರಿ ಹಾಕ್ಲೇನ್ರಿ ಮೇಡಂ? ಮಧ್ಯಾಹ್ನ ಬಂದರಿನ ಮಾರ್ಕೆಟ್, ಆಮ್ಯಾಲೆ ದಂಡಿ ಮ್ಯಾಲಿನ ಹಳೇ ಕಟ್ಟಿಗಿ ಮನಿ. ಎಲ್ಲಾರೂ ಅದನ್ನ ತೊಗೊಂಡಾರ."

"ನೀರಿಲ್ಲದ್ದು ಏನರ ಐತೇನ್ರಿ?"

"ನೀರಿಲ್ಲದ್ದಂದ್ರ? ಆ ಊರ ಸುತ್ತ ನೀರ ಐತಲ್ರಿ. ಎಲ್ಲಾರೂ ಅದನ್ನ ನೋಡಾಕ ಹೋಗೋದು."

ಆಮೇಲೆ ನಾನೇ ಹುಡುಕತೊಡಗಿದೆ. ಮಗಳು ಶಾಲೆಗೆ ಹೋದ ಮೇಲೆ, ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ, ಫೋನಿನಲ್ಲಿ ಆ ಊರಿನ ನಕಾಶೆ ದೊಡ್ಡದು ಮಾಡಿಕೊಂಡು ಬೀದಿ ಬೀದಿ ನೋಡುತ್ತಿದ್ದೆ. ವಸ್ತುಸಂಗ್ರಹಾಲಯ ಅಂತ ಬರೆಯುತ್ತಿದ್ದೆ. ನೋಡಿದರೆ ಅದು ಕೆರೆಯ ದಂಡೆಯ ಮೇಲೆ. ಹೊಡೆದುಹಾಕುತ್ತಿದ್ದೆ. ತೋಟ ಅಂತ ಬರೆದರೆ ಅದರ ನಡುವೆ ಕಾರಂಜಿ. ಇರುಳಿನ ನಿದ್ದೆ ಕೆಟ್ಟಿತು, ಹಗಲಿನ ಊಟ ತಪ್ಪಿತು. ಟೊಮ್ಯಾಟೊ ಬೀಜ ಕೇಳಿದವರಿಗೆ ಬದನೆಯ ಪೊಟ್ಟಣ ಕೊಟ್ಟು ಬೈಸಿಕೊಂಡೆ. ಬ್ಯಾಡಗಿಯಲ್ಲಿರುವ ನನ್ನ ತಾಯಿಯ ಹತ್ತಿರ ಹೋಗಿ ಹೇಳಿಕೊಂಡೆ. ಆಕೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದಳು. "ಹೋಗಬ್ಯಾಡ, ಬಿಡು" ಅಂದಳು. ಇನ್ನೆರಡು ಕಾಯಿ ಬಿಡಿಸಿ, "ಹಂಗಂದ್ರ ಆ ಹುಡುಗಿ ಏನ್ ಮಾಡಬೇಕವ್ವಾ?" ಅಂತ ತಾನೇ ಕೇಳಿದಳು.

ಕೊನೆಗೆ ಒಂದು ಸಿಕ್ಕಿತು. ಊರ ನಡುವಿನಿಂದ ಬೆಟ್ಟದ ತುದಿಗೆ ಹತ್ತುವ ಪುಟ್ಟ ರೈಲು. ಮೇಲೆ ದಟ್ಟ ಕಾಡು, ನಡೆಯಲು ದಾರಿ, ಆಡುಗಳು ಮೇಯುವ ಜಾಗ. ರೈಲಿನಲ್ಲಿ ಬೆಟ್ಟದ ಕಡೆ ಮುಖ ಮಾಡಿ ಕೂತು, ಇಳಿದವರೇ ಊರಿಗೆ ಬೆನ್ನು ಹಾಕಿ ಕಾಡಿಗೆ ನಡೆದರೆ ಆಯಿತು. ಅಷ್ಟು ಹುಡುಕಿದ ಮೇಲೆ ಅದೊಂದಾದರೂ ಉಳಿಯಿತಲ್ಲ ಎಂದು ಅಳು ಬಂತು. ಗಳಿಗೆ ಗಳಿಗೆಯ ಲೆಕ್ಕ ಹಾಕಿ ನೋಟುಬುಕ್ಕಿನಲ್ಲಿ ಬರೆದೆ.

ಮಗಳು ಶಾಲೆಯಿಂದ ಬಂದವಳು ಆ ನೋಟುಬುಕ್ಕು ತೆಗೆದು ನೋಡಿದಳು. ಹೊಡೆದುಹಾಕಿದ್ದನ್ನೆಲ್ಲ ಒಂದೊಂದಾಗಿ ಓದಿದಳು.

"ಮಮ್ಮಿ, ಈ ಕಾಡಿನ್ಯಾಗೂ ಒಂದ ಕೆರಿ ಐತಿ. ನಾ ವಿಡಿಯೋದಾಗ ನೋಡೇನಿ." ಅವಳ ಧ್ವನಿ ಬಹಳ ಮೆಲ್ಲಗಿತ್ತು. "ನಾವು ಹೋಗೂದ ಬ್ಯಾಡ. ನನಗೇನೂ ಹಂಗ ಆಸೆ ಇಲ್ಲ."

ಒಳಗೆ ಹೋದಳು. ಕಪಾಟಿನ ಬಾಗಿಲು ತೆರೆದದ್ದು, ಕಾಗದ ಕಿತ್ತದ್ದು ಎರಡೂ ಕೇಳಿಸಿದವು. ನಾನು ನೋಟುಬುಕ್ಕನ್ನು ಹರಿದು ಹರಿದು ಚೂರು ಮಾಡಿದೆ. ಅಂಗಡಿ ಮುಚ್ಚಿ ಬಂದ ಗಂಡ ಆ ಚೂರುಗಳ ನಡುವೆ ಕೂತಿದ್ದ ನನ್ನನ್ನು ಕಂಡರು.

"ಏನಾತು?"

ಮೂರು ವರ್ಷ ನುಂಗಿಕೊಂಡಿದ್ದು ಆಗ ಬಾಯಿಗೆ ಬಂತು. "ಅವನ್ನ ನೀರಿಗೆ ಕಳಿಸಿದಾಕಿ ನಾನ ರೀ. ಬುತ್ತಿಗಂಟಿನ್ಯಾಗ ಕೈ ಹಾಕಿ ಕಾಡಾಕತ್ತಿದ್ದ. ಪಪ್ಪಾನ ಹಂತ್ಯಾಕ ಹೋಗು, ನನ್ನ ತಲಿ ತಿನ್ನಬ್ಯಾಡ ಅಂದೆ. ನೀವು ದಂಡಿ ಮ್ಯಾಲಿದ್ರಿ ಅಂತ ಕಳಿಸಿದೆ."

ಅವರು ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕುಸಿದು ಕೂತರು.

"ಬಂದಿದ್ದ" ಎಂದರು. "ಪಪ್ಪಾ ಅಂತ ಕರದ. ಒಬ್ಬ ಗಿರಾಕಿದು ಫೋನ್ ಬಂದಿತ್ತು. ತಡಿ ಅಂತ ಕೈ ಮಾಡಿ ಆ ಕಡೆ ತಿರುಗಿದೆ. ನೀ ಒಮ್ಮೇನೂ ಕೇಳಲಿಲ್ಲ. ಕೇಳಿದ್ರ ಹೇಳತಿದ್ದೆ."

ಅದು ನನಗೆ ಗೊತ್ತಿರಲಿಲ್ಲ. ಅವರ ಮೇಲೆ ವಿಪರೀತ ಸಿಟ್ಟು ಬಂತು. ಆ ಸಿಟ್ಟು ಹೋಗಲು ದಿನಗಳು ಬೇಕಾದವು. ಪೂರ್ತಿ ಹೋಗಿದೆ ಎಂದು ಇವತ್ತಿಗೂ ಹೇಳಲಾರೆ. ಆದರೆ ಆ ಸಂಜೆ ನಾವಿಬ್ಬರೂ ಕೂತು ಚೂರುಗಳನ್ನು ಜೋಡಿಸಿದೆವು. ರೈಲು, ಕಾಡು, ಆಡುಗಳು. ಕೆರೆಯೂ ಇರಲಿ ಎಂದು ಗಂಡ ತಮ್ಮ ಕೈಯಿಂದಲೇ ಬರೆದರು. ನಾನು ಬೇಡ ಅನ್ನಲಿಲ್ಲ. ಮರುದಿನ ಮುಂಜಾನೆ ಹುಬ್ಬಳ್ಳಿಗೆ ಕಳಿಸಿದೆವು. ಹೋಗುತ್ತೇವೆಂದು ಮಗಳಿಗೆ ಹೇಳಿದಾಗ ಅವಳು ನಂಬಲಿಲ್ಲ.

ಬರ್ಗೆನ್ನಿನಲ್ಲಿ ಆ ದಿನ ತುಂತುರು ಮಳೆ. ರೈಲು ಹತ್ತುವಾಗ ಹಿಂದೆ ಜನ ಏನೋ ಕಂಡು ಓ ಅಂದರು. ನಾನು ತಿರುಗಲಿಲ್ಲ. ಕಾಡಿನಲ್ಲಿ ಮಗಳು ನನ್ನ ಮುಂದೆ ಮುಂದೆ ನಡೆದಳು. ಕೆರೆ ಬಂದಾಗ ಕೊಡೆಯನ್ನು ನನಗೂ ಅದಕ್ಕೂ ನಡುವೆ ಅಡ್ಡ ಹಿಡಿದಳು. ಅವಳು ನಗಲಿಲ್ಲ. ನನ್ನನ್ನು ಕಾಯುವ ಕೆಲಸದಲ್ಲಿ ಆಡುಗಳನ್ನೂ ಸರಿಯಾಗಿ ನೋಡಲಿಲ್ಲ. ಅಷ್ಟು ದಿನ ಲೆಕ್ಕ ಹಾಕಿದ್ದ ದಿನ ಹಾಗೆ ಕಳೆಯಿತು. ಬೆಂಚಿನ ಮೇಲೆ ಕೂತು ತಂದಿದ್ದ ಚಪಾತಿ, ಶೇಂಗಾ ಚಟ್ನಿ ತಿಂದು ಕೆಳಗಿಳಿದೆವು.

ಹಡಗನ್ನು ಹೇಗೆ ಹತ್ತಿದೆನೋ ನೆನಪಿಲ್ಲ. ಗಂಡನ ತೋಳು ಹಿಡಿದಿದ್ದೆ, ಕಣ್ಣು ಮುಚ್ಚಿದ್ದೆ. ಎರಡು ದಿನ ಕಿಟಕಿಯ ಪರದೆ ಎಳೆದು ಕೋಣೆಯಲ್ಲೇ ಉಳಿದೆ. ಮೂರನೆಯ ದಿನ ಮಗಳು ಹೊರಗಿನಿಂದ ಬಂದಳು. ಚಳಿಗೆ ಅವಳ ಕೆನ್ನೆಗಳು ಕೆಂಪಾಗಿದ್ದವು. "ಮಮ್ಮಿ, ಒಂದ ನಿಮಿಷ ಬಾ. ಬ್ಯಾಡಂದ್ರ ಹೊಳ್ಳಿ ಬರೂಣು."

ಹೋದೆ. ಹಡಗಿನ ಅಂಚಿನ ಕಂಬಿ ಹಿಡಿದು ಕೆಳಗೆ ನೋಡಿದೆ. ಅಲ್ಲಿಯ ನೀರು ಕಪ್ಪಾಗಿತ್ತು, ಏನೂ ಕಾಣುತ್ತಿರಲಿಲ್ಲ. ಸಮಾಧಾನವೇನೂ ಆಗಲಿಲ್ಲ. ಒಂದು ನಿಮಿಷವೂ ನಿಲ್ಲಲಾಗದೆ ಒಳಗೆ ಬಂದು ಮಲಗಿದೆ. ಮರುದಿನ ಮಗಳು ಕರೆಯಲು ಬಂದಾಗ, ನಾನು ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದೆ.