ಬದುಕಿರೋದನ್ನೇ ಬೆಳಕಿಗೆ ಹಿಡಿದವಳು

ರೇಷ್ಮೆಹುಳ ಹಣ್ಣಾಯಿತೋ ಇಲ್ಲವೋ ಎಂದು ನೋಡುವಾಗ ನನ್ನ ಸೋದರತ್ತೆ ಎಡಗಣ್ಣು ಮುಚ್ಚುತ್ತಿದ್ದಳು. ಸೊಪ್ಪಿನ ಕರೆ ಹಿಡಿದ ಎರಡು ಬೆರಳಲ್ಲಿ ಹುಳ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರೆ ಮೈಯೊಳಗೆ ಹೊನ್ನಿನ ಬಣ್ಣ ಕಾಣಬೇಕು. ಕಂಡರೆ ಗೂಡು ಕಟ್ಟಲು ಬಿದಿರಿನ ತಟ್ಟಿಯ ಚಂದ್ರಿಕೆಗೆ, ಇಲ್ಲದಿದ್ದರೆ ಮತ್ತೆ ಸೊಪ್ಪಿಗೆ. ಹೊಂಗನೂರಿನ ಆ ಹುಳದ ಮನೆಯಲ್ಲಿ ಅವಳ ಕಣ್ಣು ತಪ್ಪಿದ್ದನ್ನು ನಾನು ಕಾಣೆ.

ಒಂದು ಸಲ ಒಳಗಿನ ರೇಷ್ಮೆ ನೋಡುವ ಹುಚ್ಚಿಗೆ ಬ್ಲೇಡಿನಲ್ಲಿ ಹುಳವೊಂದನ್ನು ಸೀಳಿಬಿಟ್ಟೆ. ಅತ್ತೆ ಹೊಡೆಯಲಿಲ್ಲ.

“ಏನ್ ಕಾಣ್ತವ್ವ?”

“ಎಲ್ಲಾ ಕಲಸೋಗೈತೆ ಅತ್ತೆ.”

“ಕುಯ್ದು ನೋಡುದ್ರೆ ನೀ ಕುಯ್ದಿದ್ದೇ ಕಾಣಾದು. ಬದುಕಿರಾದ್ನ ಬೆಳಕ್ಗೆ ಹಿಡಿ ಕಣವ್ವ.”

ಬಿಡದಿಯ ಸುತ್ತ ಹೊಲಗಳು ಕಾರ್ಖಾನೆಗಳಾಗುತ್ತಿದ್ದ ವರ್ಷಗಳಲ್ಲಿ ನಾನು ಬೆಂಗಳೂರಿನಲ್ಲಿ ಸಂಶೋಧನೆಗೆ ಸೇರಿದೆ. ಔಷಧಿ ಹೊತ್ತು ಜೀವಕೋಶದೊಳಕ್ಕೆ ಹೋಗಬೇಕಾದ, ಬರಿಗಣ್ಣಿಗೆ ಕಾಣದ ನ್ಯಾನೋಕಣಗಳಿಗೆ ಹೊಳೆಯುವ ಬಣ್ಣ ಕಟ್ಟಿ, ಎಲ್ಲಿಗೆ ಹೋದವೆಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು ನನ್ನ ಕೆಲಸ. ಎರಡು ವರ್ಷ ದುಡಿದು ತೆಗೆದ ಚಿತ್ರದಲ್ಲಿ ಕೋಶದೊಳಗೆಲ್ಲ ಹಸಿರು ಚುಕ್ಕಿ! ನನ್ನ ಡಾಕ್ಟರೇಟಿಗೆ ಅದೊಂದೇ ಆಧಾರ. ಬೀಗುತ್ತ ಊರಿಗೆ ಒಯ್ದು ಅತ್ತೆಗೆ ತೋರಿಸಿದೆ.

“ಬದುಕೈತಾ ಇದು?”

“ಇಲ್ಲ ಅತ್ತೆ, ಕೆಮಿಕಲ್ ಹಾಕಿ ಸಾಯ್ಸಿ ತೆಗ್ದಿದ್ದು.”

“ಹಂಗಾರೆ ಚುಕ್ಕಿ ಬದುಕಿದ್ದಾಗ ಒಳೀಕೋದ್ವೋ, ಸಾಯೋವಾಗ ನುಗ್ಗುದ್ವೋ?”

ಮೈಯೆಲ್ಲ ಉರಿಯಿತು. ಅಕ್ಷರ ಕಲಿಯದವಳಿಗೆ ಇದೆಲ್ಲ ಏನು ಗೊತ್ತು ಎಂದು ಬಸ್ಸು ಬಿಡದಿ ದಾಟುವವರೆಗೂ ಗೊಣಗಿದೆ. ಆದರೂ ಬದುಕಿರುವ ಕೋಶಗಳನ್ನೇ ಇಟ್ಟು ನೋಡಿದೆ. ಕಣಗಳೆಲ್ಲ ಹೊರಪೊರೆಗೆ ಅಂಟಿ ಕೂತಿದ್ದವು, ಒಂದೂ ಒಳಹೊಕ್ಕಿರಲಿಲ್ಲ. ಎರಡು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಮಾರ್ಗದರ್ಶಕರಿಗೆ ನಾನೇ ಹೋಗಿ ಹೇಳಿದೆ, ಆಮೇಲೆ ಅತ್ತೆಗೆ.

ಕಣಗಳ ಹೊದಿಕೆ ಬದಲಿಸಿ ಮತ್ತೊಂದು ವರ್ಷ ಏಗಿದೆ. ಕೊನೆಗೆ ಫಲ ಕಂಡಾಗ ಅತ್ತೆಯನ್ನೂ ಪ್ರಯೋಗಾಲಯಕ್ಕೆ ಕರೆಸಿಕೊಂಡೆ. ಪರದೆಯ ಮೇಲೆ ಜೀವಂತ ಕೋಶ. ಹಸಿರು ಚುಕ್ಕಿಯೊಂದು ಅದರ ಪೊರೆಯ ಬಳಿ ತಡೆದು ನಿಂತು, ಮೆಲ್ಲಗೆ ಒಳಸರಿದು, ತನಗೆ ದಾರಿ ಗೊತ್ತಿರುವ ಹಾಗೆ ನಡೆಯಿತು. ಅತ್ತೆ ಎಡಗಣ್ಣು ಮುಚ್ಚಿ ನೋಡಿದಳು.

“ಅಯ್ ಶಿವನೇ, ಉಣ್ತಾ ಐತಲ್ಲವ್ವಾ!” ಎಂದು ಪರದೆಗೆ ಕೈಮುಗಿದಳು.

ಮುಂದೆ ಅವಳೇ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಳು. ಡ್ರಿಪ್ ಹಾಕಿದ ಕೈ ನೋಡಿಕೊಂಡು ಕೇಳಿದಳು: “ಈ ಔಸ್ದಿ ನನ್ ಕಾಯ್ಲೆ ಇರೋ ತಾವ್ಕೆ ಹೋಯ್ತಾ ಐತಾ? ನಿಂಗೆ ಕಾಣ್ತದಾ?”

ಸುತ್ತ ನಿಂತವರೆಲ್ಲ ‘ಹೂಂ’ ಅನ್ನು ಎಂದು ಕಣ್ಸನ್ನೆ ಮಾಡಿದರು. ನನ್ನಿಂದಾಗಲಿಲ್ಲ.

“ಇಲ್ಲ ಅತ್ತೆ. ನಿನ್ ಮೈಯೊಳ್ಗೆ ನೋಡಕ್ಕೆ ನಂಗಿನ್ನೂ ಬರಲ್ಲ.”

ಅವಳು ನನ್ನ ಕೈ ಹಿಡಿದಳು. “ಸುಳ್ ಹೇಳ್ನಿಲ್ವಲ್ಲ, ಅಷ್ಟು ಸಾಕು. ನೋಡ್ತಾ ಇರು, ಬುಡ್ಬೇಡ.”

ಎರಡು ದಿನ ಕಳೆದು ಹೋಗಿಬಿಟ್ಟಳು. ನಾನು ಇನ್ನೂ ನೋಡುತ್ತಲೇ ಇದ್ದೇನೆ.