ಗೋಡೆಯ ಬುಡದಲ್ಲಿ ನಾಲ್ಕು ಬೆರಳು

ಧಾರೇಶ್ವರದ ಕಡಲ ದಂಡೆಯಲ್ಲಿ ಮೀನಿಗೆ ಉಪ್ಪು ಹಾಕಿ ಒಣಗಿಸಿ, ಕುಮಟಾ ಪೇಟೆಗೆ ಹೊತ್ತು ಮಾರುತ್ತಿದ್ದವಳು ಸಣ್ಣಿ. ಅವಳ ಗಂಡ ಜ್ವರದಲ್ಲಿ ತೀರಿಕೊಂಡಾಗ ಅವಳಿಗೆ ಮೂವತ್ತೆಂಟು ವರ್ಷ. ಆಮೇಲೆ ಎರಡು ವರ್ಷ ಗಂಡನ ಅಣ್ಣ, ಬಾವ ದೇವಪ್ಪನ ಮನೆಯಲ್ಲಿದ್ದಳು. ಊಟಕ್ಕೆ ಕೊರತೆ ಇರಲಿಲ್ಲ. ಆದರೆ ಯಾವಾಗ ಏಳಬೇಕು, ಯಾರ ಹತ್ತಿರ ಮಾತಾಡಬೇಕು, ಯಾವ ಮೀನು ಯಾರಿಗೆ ಕೊಡಬೇಕು ಎಂಬುದನ್ನೆಲ್ಲ ದೇವಪ್ಪನೇ ಹೇಳುತ್ತಿದ್ದ. ೧೯೪೩ರ ಬೇಸಿಗೆಯಲ್ಲಿ ಅವಳು, ಗಂಡನ ಪಾಲಿನ ಜಾಗದಲ್ಲಿ ಮನೆ ಕಟ್ಟುತ್ತೇನೆ ಎಂದಳು.

ದೇವಪ್ಪ ನಾಲ್ಕು ಜನರ ಎದುರಿಗೇ ನಕ್ಕ. “ಕಟ್ಟು. ಮೊದಲ ಮಳೆಗೆ ಒಳಗೆ ನೀರು ಬಂತಂದ್ರೆ ಗಂಟು ಕಟ್ಕಂಡು ನನ್ನ ಮನೆಗೇ ಬರೂದು. ಮತ್ತೆ ಬೇರೆ ಮನೆ ಮಾತು ಎತ್ತೂಕಿಲ್ಲ.”

“ಆತು,” ಎಂದಳು ಸಣ್ಣಿ.

ಯುದ್ಧದ ಕಾಲ, ಹೊಸ ಹಲಗೆಯೂ ಇಲ್ಲ, ಮೊಳೆಯೂ ಇಲ್ಲ. ಹೊನ್ನಾವರದ ಅಳಿವೆಯಲ್ಲಿ ಸರಕು ಸಾಗಿಸುವ ಹಳೆಯ ಮಚವೆ ದೋಣಿಯೊಂದು ಮುರಿದು ಬಿದ್ದಿತ್ತು. ಅದರ ಹಲಗೆಗಳನ್ನು ತರಿಸಿ, ಮೊಳೆಗಳನ್ನು ಕಲ್ಲಿನ ಮೇಲಿಟ್ಟು ತಾನೇ ಬಡಿದು ನೆಟ್ಟಗೆ ಮಾಡಿದಳು. ಚಿರೆಕಲ್ಲಿನ ಅಡಿಪಾಯ, ಅದರ ಮೇಲೆ ಅಡಿತೊಲೆ, ತೊಲೆಯ ಮೇಲೆ ಕಂಬ. ಕಂಬಗಳ ಹೊರಮೈಗೆ ಹಲಗೆ ಹೊಡೆದು ಗೋಡೆ. ಕೆಲಸಕ್ಕೆ ಬಂದವನು ದೋಣಿ ಕಟ್ಟುವ ಮಹಾಗಣಪತಿ ಆಚಾರಿ. ಮನೆ ಕಟ್ಟುವ ಆಚಾರಿಗಳು ದೋಣಿಯ ಹಲಗೆಯನ್ನು ಮುಟ್ಟಲು ಒಪ್ಪಿರಲಿಲ್ಲ.

ಮೃಗಶಿರಾ ಮಳೆ ಹತ್ತಿರ ಬಂದಾಗ ನಾಲ್ಕೂ ಗೋಡೆಗಳ ಬುಡದ ಹಲಗೆಯೊಂದೇ ಉಳಿದಿತ್ತು. ಅದನ್ನು ಕಲ್ಲಿಗೆ ಮುಟ್ಟಿಸಿ, ಸಂದಿಗೆ ಹತ್ತಿ ತುಂಬಿ, ರಾಳ ಎಣ್ಣೆ ಮೆತ್ತುತ್ತೇನೆ ಎಂದ ಆಚಾರಿ. ಸಣ್ಣಿ ಬೇಡವೆಂದಳು.

“ಕಲ್ಲಿಂದ ನಾಲ್ಕು ಬೆರಳು ಮೇಲೆ ನಿಲ್ಸು. ಕೆಳಗಿನ ಅಂಚು ಹೊರಗೆ ನೀರು ಬೀಳೂ ಹಾಂಗೆ ಓರೆ ಕೊಯ್ಯಿ.”

“ಬುಡ ಬಿಟ್ಟು ಯಾರಾದ್ರೂ ಮುಗಿಸ್ತರನೇ? ಹಾವು ಹೊಕ್ತದೆ.”

“ಹಲಗೆ ಹಿಂದೆ ಅಡಿತೊಲೆ ಅದೆ. ಹಾವು ಅದನ್ನ ಕೊರ್ಕಂಡು ಬತ್ತದ್ಯೇ? ಈ ಹಲಗೆ ಮೂವತ್ತು ವರ್ಷ ಉಪ್ಪುನೀರು ಕುಡದದ್ದು ಆಚಾರಿ. ಮಳೆಗಾಲದಲ್ಲಿ ಬೆವರ್ತದೆ. ನನ್ನ ಉಪ್ಪಿನ ಬುಟ್ಟಿ ನೆಲಕ್ಕಿಟ್ರೆ ಬುಡವೇ ಕೊಳೀತದೆ. ಕಲ್ಲಿನ ಮೇಲಿಟ್ರೆ ಸೋರಿ ಒಣಗ್ತದೆ.”

“ನಲವತ್ತು ದೋಣಿ ಇಳ್ಸದವ ನಾನು. ಒಂದಕ್ಕೂ ನೀರು ಹೊಕ್ಕಲಿಲ್ಲ.”

“ದೋಣಿಗೆ ನೀರು ಹೊರಗಿಂದ. ಇಲ್ಲಿ ಹಲಗೆ ಹಿಂದೇ ನೀರು. ಅದಕ್ಕೆ ಹೋಗೂಕೆ ದಾರಿ ಬೇಡ್ವ?”

ಮರುದಿನ ಅವಳು ಕುಮಟಾಕ್ಕೆ ಹೋಗಿ ಬರುವಷ್ಟರಲ್ಲಿ ಆಚಾರಿ ಕಡಲ ಕಡೆಯ ಪಡುಗೋಡೆಯ ಬುಡವನ್ನು ತನ್ನ ರೀತಿಯಲ್ಲೇ ಮುಚ್ಚಿಬಿಟ್ಟಿದ್ದ. ಅಂಥ ಅಚ್ಚುಕಟ್ಟಾದ ಕೆಲಸ ದಂಡೆಯಲ್ಲಿ ಇನ್ನೊಬ್ಬನ ಕೈಯಿಂದ ಆಗುತ್ತಿರಲಿಲ್ಲ. ಸಣ್ಣಿ ನೋಡಿದಳು, “ತೆಗಿ,” ಎಂದಳು.

“ಹೆಂಗಸಿನ ಮಾತಿಗೆ ನನ್ನ ಕೆಲಸ ನಾನೇ ಕೀಳೂದಿಲ್ಲ,” ಎಂದ ಆಚಾರಿ ಗರಗಸ ಹೆಗಲಿಗೇರಿಸಿ ಹೊರಟುಹೋದ.

ಸಣ್ಣಿ ನೆರೆಯಿಂದ ಗರಗಸ ಕೇಳಿ ತಂದಳು. ಬುಡ ಇನ್ನೂ ತೆರೆದೇ ಇದ್ದ ಮೂರು ಗೋಡೆಗಳನ್ನು ಮೊದಲು ಮುಗಿಸಲು ಕುಳಿತಳು. ಅಂಚು ಓರೆ ಕೊಯ್ಯುವುದು ಅವಳಿಗೆ ಗೊತ್ತಿರಲಿಲ್ಲ. ಎರಡು ಹಲಗೆ ಹಾಳು ಮಾಡಿ ಕಲಿತಳು. ನೀರಿಗೆ ಹೋಗುವ ಹೆಂಗಸರು ನಿಂತು ನೋಡಿದರು. “ಆಚಾರ್ತಿ ಆದ್ಯೇನೆ ಸಣ್ಣಿ?” ಎಂದಳು ಅವರಲ್ಲೊಬ್ಬಳಾದ ಸುಕ್ರಿ.

“ಆದೆ. ನಿನ್ನ ಮನೆಗೂ ಬತ್ತೆ, ಬುಡ ಕೊಯ್ಯೂಕೆ.”

ಮೂರನೆಯ ಗೋಡೆ ಮುಗಿದ ಮಧ್ಯಾಹ್ನವೇ ಮೊದಲ ಮಳೆ ಬಂತು. ಗಾಳಿ ಸುತ್ತಿ ಸುತ್ತಿ ನೀರನ್ನು ತಂದು ನಾಲ್ಕೂ ಗೋಡೆಯ ಹಲಗೆಗೆ ಎರಚಿತು. ಸ್ವಲ್ಪ ಹೊತ್ತಿಗೆ ಪಡುಗೋಡೆಯ ಒಳಬದಿಯಲ್ಲಿ ತೊಲೆಯ ಕೆಳಗಿನಿಂದ ನೀರು ಜಿನುಗಿ, ಸಾರಿಸಿದ ನೆಲ ಕಪ್ಪಾಗುತ್ತ ಬಂತು. ಉಳಿದ ಮೂರು ಕಡೆ ನೆಲ ಒಣಗಿಯೇ ಇತ್ತು.

ದೇವಪ್ಪ ಕಂಬಳಿ ಹೊದ್ದು ಬಾಗಿಲಿಗೆ ಬಂದಿದ್ದ. ಅವನು ಕಾದೇ ಇದ್ದಿರಬೇಕು.

“ನೀರು ಬಂತಲ್ಲೇ. ಗಂಟು ಕಟ್ಟು.”

“ಬಂದದ್ದು ಆಚಾರಿ ಮುಚ್ಚದಲ್ಲಿ ಬಾವ. ನನ್ನ ಮೂರು ಗೋಡೆ ನೋಡಿ.”

“ಮನೆ ಒಂದೇ ಅಲ್ಲನೇ? ಮಾತು ಮಾತೇ.”

ಸಣ್ಣಿ ಕಬ್ಬಿಣದ ಸಲಾಕೆ ಹಿಡಿದು ಮಳೆಯಲ್ಲೇ ಹೊರಗೆ ಹೋಗಿ, ಪಡುಗೋಡೆಯ ಬುಡದಲ್ಲಿ ಮೊಣಕಾಲೂರಿದಳು. ರಾಳ ಕಲ್ಲಿನಂತೆ ಗಟ್ಟಿಯಾಗಿತ್ತು. ಮೀಟಿ ಮೀಟಿ ಹತ್ತಿಯನ್ನು ಎಳೆದಳು. ಬುಡದ ಹಲಗೆಯನ್ನೇ ಕಿತ್ತು ಎಸೆದಳು. ಹಲಗೆಗೂ ತೊಲೆಗೂ ನಡುವೆ ಸಿಕ್ಕಿಕೊಂಡಿದ್ದ ನೀರು ಒಮ್ಮೆಲೇ ಅವಳ ತೊಡೆಯ ಮೇಲೆ ಸುರಿಯಿತು, ಉಪ್ಪುಪ್ಪಾಗಿ, ಕಂದು ಬಣ್ಣದಲ್ಲಿ.

ಒಳಗೆ ನಿಂತ ದೇವಪ್ಪ ನೆಲವನ್ನೇ ನೋಡುತ್ತಿದ್ದ. ಮಳೆ ಇನ್ನಷ್ಟು ಜೋರಾಯಿತು. ಒದ್ದೆ ಅಲ್ಲಿಂದ ಒಂದು ಗೇಣೂ ಮುಂದೆ ಬರಲಿಲ್ಲ.

ಸೀರೆ ಹಿಂಡುತ್ತ ಒಳಗೆ ಬಂದ ಸಣ್ಣಿ, “ಮೊದಲ ಮಳೆ ಇನ್ನೂ ನಿಂತಿಲ್ಲ ಬಾವ. ಇನ್ನೂ ನೀರು ಒಳಗೆ ಬತ್ತದ್ಯೇ, ಬೇಕಾದ್ರೆ ಕೂತು ನೋಡಿ,” ಎಂದಳು.

ಅವನು ಕೂರಲಿಲ್ಲ. “ಜನರಿಗೆ ಎಂತ ಹೇಳೂದು ನಾನು?”

“ಕಂಡದ್ದೇ ಹೇಳಿ. ಮನೆಗೆ ಹೋದ ಮೇಲೆ ನನ್ನ ಚಾಪೆ, ಕಂಬಳಿ ಕಳಿಸಿ ಕೊಡಿ. ಇವತ್ತೇ.”